ಸ್ಟ್ರೀಟ್ ಹಾಕ್ ಮೊದಲ ಎಪಿಸೋಡುಗಳು ಯಾರಿಗೆ ನೆನಪಿವೆ?

ಕಪ್ಪುಹೆಲ್ಮೆಟ್:

ದೂರದರ್ಶನದಲ್ಲಿ ಬರುತ್ತಿದ್ದ ಅಮೆರಿಕದ ಸೀರಿಯಲ್ ಸ್ಟ್ರೀಟ್ ಹಾಕ್ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಕಪ್ಪು ಬೈಕು, ಕಪ್ಪು ಡ್ರೆಸ್ಸು, ಕಂಪ್ಯೂಟರ್ ಮುಂದೆ ಕೂತು ಬೆವರು ಸುರಿಸುವ ನಾರ್ಮನ್. ಅದೇ.

2010ರಲ್ಲಿ ಬಂದ ಡಿವಿಡಿ ಸೆಟ್ಟು ಮೊನ್ನೆ ಅಂತೂ ಕೈಗೆ ಸಿಕ್ಕಿತು. ಶುರುವಿನ ಎಪಿಸೋಡುಗಳನ್ನು ರಾತ್ರಿ ನಿದ್ದೆಗೆಟ್ಟು ನೋಡಿದೆ. ನೋಡಿದ ಮೇಲೆ ಎರಡು ಮೂರು ವಿಷಯ ತಲೆ ತಿನ್ನುತ್ತಿವೆ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ಒಂದು, ಒಟ್ಟು ಇರೋದೇ 13 ಎಪಿಸೋಡಾ? ನನ್ನ ತಲೆಯಲ್ಲಿ ಅದು ವರ್ಷಗಟ್ಟಲೆ ಓಡಿದ ಸೀರಿಯಲ್. ಹೈಸ್ಕೂಲ್ ಮುಗಿಯೋ ತನಕ ಬರುತ್ತಿತ್ತು ಅಂತಲೇ ಅಂದುಕೊಂಡಿದ್ದೆ.

ಇನ್ನೊಂದು, ಮೊದಲ ಎಪಿಸೋಡಿನಲ್ಲಿ ಬೈಕು ಬರೋದಕ್ಕೆ ಎಷ್ಟು ಹೊತ್ತು! ಮಾಮೂಲಿ ಎಪಿಸೋಡಿನ ಎರಡರಷ್ಟು ಉದ್ದ ಇದೆ ಅದು. ಜೆಸ್ಸಿ ಮ್ಯಾಕ್ ಟ್ರಾಫಿಕ್ ಪೊಲೀಸು, ರಜೆ ದಿನ ಗುಡ್ಡದಲ್ಲಿ ಬೈಕ್ ಹಾರಿಸೋನು. ಗೆಳೆಯ ಮಾರ್ಟಿ ಸಾಯುತ್ತಾನೆ, ಇವನ ಕಾಲು ಹೋಗುತ್ತೆ, ಇಲಾಖೆಯವರು ಇವನನ್ನು ಪಬ್ಲಿಕ್ ರಿಲೇಷನ್ಸ್ ಟೇಬಲ್ಲಿಗೆ ತಳ್ಳುತ್ತಾರೆ. ಇಷ್ಟೆಲ್ಲ ಆದ ಮೇಲೆ ಆ ಬೈಕ್ ಮಾಡಿದ ಸರ್ಕಾರಿ ಇಂಜಿನಿಯರ್ ನಾರ್ಮನ್ ಟಟಲ್ ಬಂದು, ಕಾಲು ಸರಿ ಮಾಡಿಸ್ತೀನಿ, ನಮ್ಮ ಗಾಡಿ ಓಡಿಸ್ತೀಯಾ ಅಂತ ಕೇಳ್ತಾನೆ. ಚಿಕ್ಕವನಾಗಿದ್ದಾಗ ಇದೆಲ್ಲ ನೋಡಿದ ನೆನಪೇ ಇಲ್ಲ ನನಗೆ. ಈಗ ನೋಡಿದರೆ ಇಡೀ ಸರಣಿಯಲ್ಲಿ ಗಟ್ಟಿಯಾಗಿರೋದೇ ಆ ಮೊದಲರ್ಧ ಅನಿಸುತ್ತಿದೆ. ನಿಮಗೂ ಹಾಗೇನಾ, ಅಥವಾ ನನಗೆ ವಯಸ್ಸಾಯ್ತಾ?

ಕೊನೆಯದಾಗಿ, ಹತ್ತು ವರ್ಷದ ಮಗ ಇದ್ದಾನೆ. ಸ್ವಲ್ಪ ಹೊತ್ತು ನೋಡಿ "ಅಪ್ಪಾ, ಬೈಕ್ ಯಾವಾಗ ಬರುತ್ತೆ" ಅಂತ ಕೇಳಿ ಎದ್ದು ಹೋದ. ಅವನಿಗೆ ಎಲ್ಲಿಂದ ಶುರು ಮಾಡಲಿ?

ಎರಡುಸ್ಟ್ರೋಕ್:

ಗುರೂ, ಹಳೇ ಗಾಯಕ್ಕೆ ಕೈ ಹಾಕಿದ್ರಿ.

ಹದಿಮೂರೇ. 1985ರ ಜನವರಿ 4ಕ್ಕೆ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾಗಿ ಅದೇ ಮೇ ತಿಂಗಳಿಗೆ ಮುಗಿದುಹೋಯ್ತು. ಶುಕ್ರವಾರ ರಾತ್ರಿ ಹಾಕಿದ್ದರು, ಎದುರಿಗೆ ಸಿಬಿಎಸ್‌ನಲ್ಲಿ ಡಲ್ಲಾಸ್. ಆಗ ಇಡೀ ಅಮೆರಿಕ ಆ ಎಣ್ಣೆ ಸಾಹುಕಾರರ ಮನೆ ಜಗಳ ನೋಡ್ತಾ ಕೂತಿತ್ತು. ಬೈಕ್ ಎಷ್ಟು ಜೋರಾಗಿ ಓಡಿದರೆ ಏನು ಬಂತು.

ವರ್ಷಗಟ್ಟಲೆ ಬಂತು ಅನಿಸೋದು ನಿಮಗೊಬ್ಬರಿಗೇ ಅಲ್ಲ. ವಾರಕ್ಕೊಂದು ಸಲ ಬರುತ್ತಿತ್ತು, ಮಿಕ್ಕ ದಿನ ನಾವೇ ಎಪಿಸೋಡ್ ಮಾಡುತ್ತಿದ್ದೆವು. ನಮ್ಮ ಬೀದಿಯಲ್ಲಿ ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್ ಇದ್ದವನು ಜೆಸ್ಸಿ. ಸೈಕಲ್ ಇಲ್ಲದವನು ನಾರ್ಮನ್, ಬೈಕು ಮಿಂಚಿನ ವೇಗಕ್ಕೆ ಏರುವಾಗ ಹೇಳ್ತಾರಲ್ಲ, ಹಾಗೆ ಕಾಂಪೌಂಡ್ ಮೇಲೆ ಕೂತು "ಹೈಪರ್‌ಥ್ರಸ್ಟ್!" ಅಂತ ಕಿರುಚೋದೇ ಅವನ ಕೆಲಸ. ನಾನು ಬಹಳ ಕಾಲ ನಾರ್ಮನ್ ಆಗಿದ್ದೆ.

ಇನ್ನು ಬೈಕಿನ ವಿಷಯ, ಅದು ನನ್ನ ಏರಿಯಾ. ಮೊದಲ ಎಪಿಸೋಡಿನ ಬೈಕೂ ಆಮೇಲಿನದೂ ಒಂದೇ ಅಲ್ಲ, ಡಿವಿಡಿ ನಿಲ್ಲಿಸಿ ನಿಲ್ಲಿಸಿ ನೋಡಿ. ಪೈಲಟ್‌ನದು (ಆ ಮೊದಲ ಎಪಿಸೋಡಿಗೆ ಹಾಗನ್ನೋದು) ಹೋಂಡಾ ಎಕ್ಸ್‌ಎಲ್ 500 ಮೇಲೆ ಕಟ್ಟಿದ್ದು, ಅಂದರೆ ಫೋರ್ ಸ್ಟ್ರೋಕ್. ಸರಣಿ ಶುರುವಾದಾಗ ಹೋಂಡಾ ಸಿಆರ್ 250ಕ್ಕೆ ಬದಲಾಯಿಸಿದರು. ಅದು ಮೋಟೋಕ್ರಾಸ್ ಬೈಕು, ಟೂ ಸ್ಟ್ರೋಕು. ಸುಮ್ನೆ ಅಲ್ಲ ಆ ಬದಲಾವಣೆ. ಫೈಬರ್ ಚಿಪ್ಪೆಲ್ಲ ಹೊದಿಸಿದ ಮೇಲೂ ಸ್ಟಂಟ್ ಮಾಡೋನು ಅದನ್ನು ಹಾರಿಸಬೇಕು, ಕಚ್ಚಾ ರಸ್ತೆಯಲ್ಲಿ ತಿರುಗಿಸಬೇಕು. ಹಗುರ ಗಾಡಿ ಇದ್ದಷ್ಟೂ ಅವನ ಜೀವಕ್ಕೆ ಒಳ್ಳೇದು. ಆದರೆ ಟಿವಿಯಲ್ಲಿ ಕೇಳೋ ಸದ್ದು ಟೂ ಸ್ಟ್ರೋಕಿನದಲ್ಲವೇ ಅಲ್ಲ. ಆರ್‌ಎಕ್ಸ್ 100 ಓಡಿಸಿದ ಯಾರಿಗಾದರೂ ಒಂದೇ ಕ್ಷಣಕ್ಕೆ ಗೊತ್ತಾಗುತ್ತೆ. ಆ ಸುಂಯ್ ಅನ್ನೋ ಸದ್ದು ಆಮೇಲೆ ಕೂರಿಸಿದ್ದು.

ಹೊಸ ಬೈಕಿನ ವಿನ್ಯಾಸ ಆಂಡ್ರ್ಯೂ ಪ್ರೋಬರ್ಟ್ ಅನ್ನೋರದು. ಬ್ಯಾಕ್ ಟು ದಿ ಫ್ಯೂಚರ್ ಸಿನಿಮಾದ ಡಿಲೋರಿಯನ್ ಕಾರಿಗೂ ಕೈ ಹಚ್ಚಿದ್ದು ಇವರೇ. ಆಮೇಲೆ 1987ರಲ್ಲಿ ಬಂದ ಸ್ಟಾರ್ ಟ್ರೆಕ್‌ನ ಎಂಟರ್‌ಪ್ರೈಸ್ ಹಡಗನ್ನೂ ಬರೆದರು. ನಾವು ನೋಟ್‌ಬುಕ್ ಹಿಂದಿನ ಪುಟದಲ್ಲಿ ಗೀಚುತ್ತಿದ್ದದ್ದು ಎಂಥವರ ಕೆಲಸ ನೋಡಿ.

ಮಲೆನಾಡ್_ಅಮ್ಮಿ:

ನಮ್ಮ ಮನೆಯಲ್ಲಿದ್ದದ್ದು ಬ್ಲ್ಯಾಕ್ ಅಂಡ್ ವೈಟ್ ಪೋರ್ಟಬಲ್. ಗುಡ್ಡದ ನಡುವಿನ ಮನೆ ಬೇರೆ, ಸಿಗ್ನಲ್ ಬರೋದೇ ಕಷ್ಟ. ಅಡಿಕೆ ದಬ್ಬೆ ಕಟ್ಟಿ ಅದರ ತುದಿಗೆ ಆಂಟೆನಾ ಏರಿಸಿದ್ದರು. ಟೈಟಲ್ ಶುರುವಾಗುತ್ತಿದ್ದ ಹಾಗೇ ಯಾರಾದರೊಬ್ಬರು ಅಂಗಳಕ್ಕೆ ಓಡಬೇಕು. "ಬಂತಾ?" "ಇಲ್ಲ, ಗ್ರೇನ್ಸು!" "ಈಗ?" "ಹಾಂ ಹಾಂ, ಅಲ್ಲೇ ಬಿಡು!" ಅಲ್ಲೇ ಬಿಟ್ಟು ಒಳಗೆ ಬರುವಷ್ಟರಲ್ಲಿ ಮತ್ತೆ ಹೋಗಿರುತ್ತಿತ್ತು.

ಒಂದು ವಿಷಯ ಯೋಚನೆ ಮಾಡಿ. ಕಪ್ಪು ಬೈಕು, ಕಪ್ಪು ಬಟ್ಟೆ, ಕಪ್ಪು ಹೆಲ್ಮೆಟ್ಟು, ಓಡೋದೆಲ್ಲ ರಾತ್ರಿ ಹೊತ್ತು. ಬ್ಲ್ಯಾಕ್ ಅಂಡ್ ವೈಟ್ ಟಿವಿಯಲ್ಲಿ, ಅದೂ ಗ್ರೇನ್ಸ್ ಮಧ್ಯೆ, ಏನು ಕಾಣಬೇಕು? ನಮ್ಮ ಪಾಲಿಗೆ ಸ್ಟ್ರೀಟ್ ಹಾಕ್ ಅಂದರೆ ಒಂದು ಹೆಡ್‌ಲೈಟು, ಅಷ್ಟೇ. ಹೆಡ್‌ಲೈಟ್ ಬಂತು, ಹೆಡ್‌ಲೈಟ್ ಹಾರಿತು, ಹೆಡ್‌ಲೈಟ್ ಗುಂಡು ಹೊಡೀತು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಇಂಟರ್ನೆಟ್ಟಲ್ಲಿ ಫೋಟೋ ನೋಡಿದಾಗಲೇ ಬೈಕಿಗೆ ಅಷ್ಟು ಚೂಪು ಮೂತಿ ಇದೆ ಅಂತ ಗೊತ್ತಾಗಿದ್ದು.

ಮಾತು ಇಂಗ್ಲಿಷ್, ನಾವೆಲ್ಲ ಕನ್ನಡ ಮೀಡಿಯಂ. ದೊಡ್ಡಪ್ಪನ ಮಗ ಒಬ್ಬ ತೀರ್ಥಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದ, ರಜೆಗೆ ಬಂದಾಗ ಅವನೇ ಕಥೆ ಹೇಳೋನು. ನಾರ್ಮನ್ ಜೆಸ್ಸಿಯ ಸೋದರಮಾವ ಅಂತೆ, ಆಸ್ತಿ ವಿಷಯಕ್ಕೆ ಮಾತು ಬಿಟ್ಟಿದ್ದರಂತೆ, ಅದಕ್ಕೇ ಯಾವಾಗಲೂ ಸಿಡಿಮಿಡಿ ಅಂತೆ. ನಾವು ನಂಬಿದ್ದೆವು! ಈಗಲೂ ಆ ಇಬ್ಬರು ಕಿತ್ತಾಡೋದು ನೋಡಿದರೆ ಆ ಕಥೆಯೇ ಸರಿ ಅನಿಸುತ್ತೆ. ನೋಡಿ ಬೇಕಾದರೆ. ನಾರ್ಮನ್‌ಗೆ ಬೈಕಿನ ಚಿಂತೆ, ಪ್ರಾಜೆಕ್ಟಿನ ಚಿಂತೆ, ಮೇಲಿನವರಿಗೆ ಏನು ಹೇಳಲಿ ಅನ್ನೋ ಚಿಂತೆ. ಜೆಸ್ಸಿಗೆ ಯಾವ ಚಿಂತೆಯೂ ಇಲ್ಲ. ಹೇಳದೆ ಕೇಳದೆ ಗಾಡಿ ತಗೊಂಡು ಹೋಗೋ ಅಳಿಯನೇ ಅವನು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲ ಎಪಿಸೋಡ್ ಚೆನ್ನಾಗಿರೋದಕ್ಕೆ ಕಾರಣ ಇದೇ. ಅವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗಲ್ಲ, ಆದರೆ ಇಬ್ಬರಿಗೂ ಬೇರೆ ದಾರಿ ಇಲ್ಲ. ಆಮೇಲಾಮೇಲೆ ಇಬ್ಬರೂ ಹೊಂದಿಕೊಂಡುಬಿಟ್ಟರು, ಸ್ವಾರಸ್ಯ ಹೋಯ್ತು.

ರಾತ್ರಿಸವಾರ:

ಎಲ್ಲರೂ ಹೊಗಳ್ತಿದ್ದೀರಿ, ಒಬ್ಬನಾದರೂ ಬೈಯಬೇಕಲ್ಲ, ನಾನಿದ್ದೀನಿ.

ಸ್ಟ್ರೀಟ್ ಹಾಕ್ ನೈಟ್ ರೈಡರ್‌ನ ಬೈಕ್ ಆವೃತ್ತಿ. ಬೇರೇನೂ ಅಲ್ಲ. ನೈಟ್ ರೈಡರ್ ಶುರುವಾಗಿದ್ದು 1982ರ ಸೆಪ್ಟೆಂಬರ್ 26ಕ್ಕೆ. ಅದರ ಪೈಲಟ್ ತಗೊಳ್ಳಿ. ಮೈಕಲ್ ಲಾಂಗ್ ಅನ್ನೋ ಪೊಲೀಸು, ಮುಖಕ್ಕೆ ಗುಂಡು, ಸತ್ತ ಅಂತ ಲೋಕ ನಂಬುತ್ತೆ, ಸಾಹುಕಾರನೊಬ್ಬ ಆಪರೇಷನ್ ಮಾಡಿಸಿ ಹೊಸ ಮುಖ, ಹೊಸ ಹೆಸರು, ಹೊಸ ಕಾರು ಕೊಡ್ತಾನೆ. ಇಲ್ಲಿ ಮುಖದ ಬದಲು ಕಾಲು, ಕಾರಿನ ಬದಲು ಬೈಕು, ಸಾಹುಕಾರನ ಬದಲು ಸರ್ಕಾರ. 1984ರಲ್ಲಿ ಹೆಲಿಕಾಪ್ಟರ್ ಇಟ್ಟುಕೊಂಡು ಏರ್‌ವುಲ್ಫ್ ಬಂತು. ಆ ಕಾಲದಲ್ಲಿ ಅಲ್ಲಿ ಯಾವ ವಾಹನ ಸಿಕ್ಕರೂ ಅದಕ್ಕೊಂದು ಕಂಪ್ಯೂಟರ್ ಕೂರಿಸಿ ಸೀರಿಯಲ್ ಮಾಡ್ತಿದ್ದರು. ಟ್ರ್ಯಾಕ್ಟರ್ ಒಂದು ಬಿಟ್ಟರು ಅಂತ ಕಾಣುತ್ತೆ.

ಅದೂ ಅಲ್ಲದೆ ನೈಟ್ ರೈಡರ್‌ನ ಕಾರು ಮಾತಾಡುತ್ತೆ. ಕಿಟ್ ಅನ್ನೋ ಆ ಕಾರಿಗೆ ದನಿ ಕೊಟ್ಟ ವಿಲಿಯಂ ಡೇನಿಯಲ್ಸ್ ಟೈಟಲ್ಲಿನಲ್ಲಿ ತಮ್ಮ ಹೆಸರೇ ಹಾಕಿಸಿಕೊಳ್ಳಲಿಲ್ಲ. ಕಾರೇ ಮಾತಾಡ್ತಿದೆ ಅಂತ ನೋಡೋರು ನಂಬಲಿ, ಅಷ್ಟೇ. ಅದರ ಮೊದಲ ಸೀಸನ್‌ನಲ್ಲೇ ಕಾರ್ (KARR) ಅನ್ನೋ ಹೆಸರಿನ ಕೆಟ್ಟ ಕಾರು ಬರುತ್ತಲ್ಲ, ಆ ಎಪಿಸೋಡು 1982ರ ನವೆಂಬರ್‌ನದು, ಅದರ ದನಿ ಪೀಟರ್ ಕಲೆನ್‌ದು. ಎರಡು ವರ್ಷಕ್ಕೆ ಅದೇ ಮನುಷ್ಯ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನಲ್ಲಿ ಲಾರಿಯಾಗಿ ಬದಲಾಗೋ ರೋಬೋ ಹೀರೋ ಆಪ್ಟಿಮಸ್ ಪ್ರೈಮ್‌ನ ದನಿ ಆದ. ಕೆಟ್ಟ ಗಾಡಿಯಿಂದ ಒಳ್ಳೇ ಗಾಡಿಗೆ ಪ್ರಮೋಷನ್ನು. ನಿಮ್ಮ ಬೈಕು ಏನು ಮಾತಾಡ್ತು ಹೇಳಿ?

ನೈಟ್ ರೈಡರ್ ನಾಲ್ಕು ಸೀಸನ್ ಓಡಿತು. ನಿಮ್ಮದು ನಾಲ್ಕೂವರೆ ತಿಂಗಳು.

ಎರಡುಸ್ಟ್ರೋಕ್:

@ರಾತ್ರಿಸವಾರ ಮಾತಾಡಲ್ಲ, ಅದೇ ಅದರ ಹೆಚ್ಚುಗಾರಿಕೆ ಸ್ವಾಮಿ. ಕಿಟ್ ಇದ್ದ ಮೇಲೆ ಮೈಕಲ್ ಮಾಡೋದಕ್ಕೆ ಏನು ಉಳಿಯುತ್ತೆ? ಸ್ಟೇರಿಂಗ್ ಬಿಟ್ಟು ಕೂತರೂ ಕಾರು ಅವನನ್ನು ಮನೆಗೆ ಮುಟ್ಟಿಸುತ್ತೆ, ಗುಂಡು ಹೊಡೆದರೂ ಬಾಡಿಗೆ ಒಂದು ಗೀರು ಬೀಳಲ್ಲ. ಬೈಕ್ ಮೇಲೆ ಕೂತವನು ಬಿದ್ದರೆ ಬಿದ್ದ. ಹೈಪರ್‌ಥ್ರಸ್ಟ್‌ನಲ್ಲಿ ಕಂಪ್ಯೂಟರ್ ದಾರಿ ಹಿಡಿದುಕೊಳ್ಳುತ್ತೆ ನಿಜ, ಆದರೆ 300 ಮೈಲಿ ಸ್ಪೀಡಲ್ಲಿ, ಅಂದರೆ ಹತ್ತಿರ ಹತ್ತಿರ 480 ಕಿಲೋಮೀಟರ್, ಗಾಳಿಗೆ ಎದೆ ಕೊಟ್ಟು ಕೂತಿರಬೇಕಲ್ಲ. ಒಂದು ನಾಯಿ ಅಡ್ಡ ಬಂದರೆ ಕಥೆ ಮುಗೀತು. ನಮ್ಮ ರಸ್ತೆಯಲ್ಲಂತೂ 40ಕ್ಕೇ ಮುಗಿಯುತ್ತೆ.

ಕಪ್ಪುಹೆಲ್ಮೆಟ್:

@ಮಲೆನಾಡ್_ಅಮ್ಮಿ ಅಕ್ಕಾ, ಹೆಡ್‌ಲೈಟ್ ಗುಂಡು ಹೊಡೀತು ಅನ್ನೋದು ಓದಿ ಆಫೀಸಲ್ಲಿ ಒಬ್ಬನೇ ನಕ್ಕೆ, ಪಕ್ಕದವರು ತಿರುಗಿ ನೋಡಿದರು. ಸೋದರಮಾವನ ಕಥೆ ಇನ್ನು ಮೇಲೆ ಅಧಿಕೃತ.

ಆ ಹೈಪರ್‌ಥ್ರಸ್ಟ್ ದೃಶ್ಯ ಹೇಗೆ ತೆಗೆದರು? ರಸ್ತೆ ಪೂರ್ತಿ ಕಣ್ಣೊಳಗೆ ನುಗ್ಗಿದ ಹಾಗೆ ಇರುತ್ತಲ್ಲ, ಅದು ಈಗಲೂ ಮೈ ಜುಂ ಅನ್ನಿಸುತ್ತೆ. ಮಗ ಎದ್ದು ಹೋದವನು ಆ ಸದ್ದಿಗೆ ಬಾಗಿಲ ತನಕ ಬಂದು ನಿಂತು ನೋಡಿ ಹೋದ.

ರೀಲ್‌ಡಬ್ಬ:

ಅದರಲ್ಲಿ ದೊಡ್ಡ ಮಂತ್ರ ಏನಿಲ್ಲ. ಗಾಡಿ ಮುಂದೆ ಕ್ಯಾಮೆರಾ ಕಟ್ಟಿ, ಸೆಕೆಂಡಿಗೆ 24 ಫ್ರೇಮ್ ತೆಗೆಯೋ ಕಡೆ ಕಡಿಮೆ ಫ್ರೇಮ್ ತೆಗೆಯೋದು. ಆಮೇಲೆ ಮಾಮೂಲಿ 24ರಲ್ಲಿ ತೋರಿಸಿದರೆ ಸಾಧಾರಣ ವೇಗವೇ ಹಲವು ಪಟ್ಟು ಕಾಣುತ್ತೆ. ಮೂಕಿ ಚಿತ್ರಗಳ ಕಾಲದಿಂದ ಇರೋ ಉಪಾಯ. ಕ್ಯಾಮೆರಾ ನೆಲಕ್ಕೆ ಹತ್ತಿರ ಇದ್ದಷ್ಟೂ ಜೋರು ಕಾಣುತ್ತೆ. ನಿಜವಾದ ಕೆಲಸ ಇರೋದು ರಾತ್ರಿ ಹೊತ್ತು ಲಾಸ್ ಏಂಜಲೀಸ್ ರಸ್ತೆ ಖಾಲಿ ಮಾಡಿಸೋದರಲ್ಲಿ. ಅದು ದುಬಾರಿ. ಅದಕ್ಕೇ ಒಂದು ಸಲ ತೆಗೆದದ್ದನ್ನು ಮುಂದಿನ ಎಪಿಸೋಡುಗಳಲ್ಲಿ ಮತ್ತೆ ಮತ್ತೆ ಅಂಟಿಸಿದರು. ಸಾಲಾಗಿ ನೋಡಿದರೆ ಅದೇ ಸುರಂಗ, ಅದೇ ತಿರುವು ಬರೋದು ಗೊತ್ತಾಗುತ್ತೆ. ವಾರಕ್ಕೊಂದು ನೋಡುವಾಗ ಯಾರಿಗೆ ನೆನಪಿರುತ್ತೆ?

ಶುರುವಿನ ಎಪಿಸೋಡುಗಳ ಇನ್ನೊಂದು ಮಜಾ ನಟರನ್ನು ಹುಡುಕೋದು. ಮೊದಲ ಎಪಿಸೋಡಿನ ವಿಲನ್ ಯಾರು ಅಂತ ಗುರುತು ಸಿಕ್ಕಿತಾ? ಕ್ರಿಸ್ಟೋಫರ್ ಲಾಯ್ಡ್. ಅದೇ ವರ್ಷ ಜುಲೈನಲ್ಲಿ ಬ್ಯಾಕ್ ಟು ದಿ ಫ್ಯೂಚರ್ ಬಂದು ಕೆದರಿದ ಬಿಳಿ ಕೂದಲಿನ ಡಾಕ್ ಬ್ರೌನ್ ಆದರು. ಇಲ್ಲಿ ಅದೇ ಮನುಷ್ಯ ಶಿಸ್ತಾಗಿ ನಿಂತು ಜನರನ್ನು ಕೊಲ್ಲಿಸ್ತಾನೆ, ನಗು ಬರೋದಿರಲಿ, ಭಯ ಆಗುತ್ತೆ. ಸಾಯೋ ಗೆಳೆಯ ಮಾರ್ಟಿ ರಾಬರ್ಟ್ ಬೆಲ್ಟ್ರಾನ್, ಮುಂದೆ ಸ್ಟಾರ್ ಟ್ರೆಕ್ ವಾಯೇಜರ್‌ನಲ್ಲಿ ಚಕೋಟೆ.

ಎರಡನೇ ಎಪಿಸೋಡ್ "ಎ ಸೆಕೆಂಡ್ ಸೆಲ್ಫ್", ಅದರಲ್ಲಿ ಜಾರ್ಜ್ ಕ್ಲೂನಿ! ಜೆಸ್ಸಿಯ ಹಳೇ ಗೆಳೆಯ, ಕಾರು ಕಳ್ಳರ ಜೊತೆ ಸೇರಿಕೊಂಡೋನು. ಆಗ ಅವನಿಗೆ 23 ವಯಸ್ಸು. ಇಆರ್ ಅನ್ನೋ ಆಸ್ಪತ್ರೆ ಸೀರಿಯಲ್ ಬಂದು ಹೆಸರು ಮಾಡೋದಕ್ಕೆ ಇನ್ನೂ ಒಂಬತ್ತು ವರ್ಷ ಇತ್ತು. ನಾವು ಆ ಎಪಿಸೋಡ್ ನೋಡುವಾಗ ಇವನ್ಯಾರೋ ಬಡಪಾಯಿ ಅಂದುಕೊಂಡಿದ್ದೆವು, ಅಲ್ವಾ.

ಹೀರೋ ರೆಕ್ಸ್ ಸ್ಮಿತ್ ಮೂಲತಃ ಹಾಡುಗಾರ. 1989ರ ಹಲ್ಕ್ ಟಿವಿ ಚಿತ್ರದಲ್ಲಿ ಡೇರ್‌ಡೆವಿಲ್ ಆಗಿ ಮತ್ತೆ ಕಪ್ಪು ಬಟ್ಟೆ ತೊಟ್ಟರು. ನಾರ್ಮನ್ ಆಗಿದ್ದ ಜೋ ರೆಗಲ್ಬುಟೊ ಮರ್ಫಿ ಬ್ರೌನ್ ಅನ್ನೋ ಸೀರಿಯಲ್‌ನಲ್ಲಿ ಹತ್ತು ವರ್ಷ ಆರಾಮಾಗಿ ಕಾಮಿಡಿ ಮಾಡಿಕೊಂಡಿದ್ದರು.

ಅಂದ ಹಾಗೆ ಪೈಲಟ್‌ನಲ್ಲಿ ಇರೋ ಹುಡುಗಿ ಸ್ಯಾಂಡಿ ಎರಡನೇ ಎಪಿಸೋಡಿಗೆ ಮಾಯ. ಅವಳ ಜಾಗಕ್ಕೆ ರೇಚಲ್. ಯಾರೂ ಕೇಳಲೂ ಇಲ್ಲ, ಹೇಳಲೂ ಇಲ್ಲ.

ಮಲೆನಾಡ್_ಅಮ್ಮಿ:

ನಾವು ಕೇಳಿದ್ದೆವು! ಅವಳು ತವರುಮನೆಗೆ ಹೋದಳು ಅಂತ ದೊಡ್ಡಪ್ಪನ ಮಗ ಹೇಳಿದ್ದ.

ಪುತ್ತೂರು_ಕ್ಯಾಸೆಟ್:

ಇಷ್ಟು ಹೊತ್ತಾದರೂ ಮ್ಯೂಸಿಕ್ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲವಲ್ಲ ಮಾರಾಯ್ರೆ!

ಟೈಟಲ್ ಮ್ಯೂಸಿಕ್ ಟ್ಯಾಂಜರೀನ್ ಡ್ರೀಮ್‌ನವರದ್ದು. ಬರ್ಲಿನ್‌ನ ತಂಡ, 1967ರಲ್ಲಿ ಎಡ್ಗರ್ ಫ್ರೋಸೆ ಕಟ್ಟಿದ್ದು, ಸಿಂಥಸೈಸರ್ ಸಂಗೀತದಲ್ಲಿ ದೊಡ್ಡ ಹೆಸರು. 1985ರ ಅವರ ಲೆ ಪಾರ್ಕ್ ಅನ್ನುವ ಆಲ್ಬಮ್‌ನಲ್ಲಿ ಈ ಟ್ಯೂನ್ ಇದೆ. ಅಮೆರಿಕದ ಉಳಿದ ಆಕ್ಷನ್ ಸೀರಿಯಲ್‌ಗಳಲ್ಲಿ ತುತ್ತೂರಿ, ಡ್ರಮ್ಮು, ಹೀರೋ ಬಂದ ದಾರಿ ಬಿಡಿ ಅನ್ನುವ ಗದ್ದಲ. ಇದು ಹಾಗಲ್ಲ. ಕೆಳಗೆ ಒಂದು ತಾಳ ಎಡೆಬಿಡದೆ ಓಡುತ್ತಾ ಇರುತ್ತದೆ, ಮೇಲೆ ಟ್ಯೂನ್ ಸ್ವಲ್ಪ ಬೇಜಾರಲ್ಲಿ ಇದ್ದ ಹಾಗೆ ನಿಧಾನ ಬರುತ್ತದೆ. ಕೇಳುವಾಗ ಖುಷಿಯೋ ದುಃಖವೋ ಗೊತ್ತಾಗುವುದಿಲ್ಲ. ನನಗಂತೂ ರಾತ್ರಿ ಶಿರಾಡಿ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿ ಹತ್ತಿರ ಕೂತರೆ ಈಗಲೂ ಅದೇ ಟ್ಯೂನ್ ತಲೆಯಲ್ಲಿ.

ನಾನು ಟೇಪ್ ರೆಕಾರ್ಡರನ್ನು ಟಿವಿಯ ಸ್ಪೀಕರ್ ಎದುರು ಇಟ್ಟು ಆ ಟ್ಯೂನ್ ಹಿಡಿದದ್ದು. ಅಪ್ಪನ ಯಕ್ಷಗಾನದ ಕ್ಯಾಸೆಟ್ ಮೇಲೆಯೇ. ಹಾಗಾಗಿ ನಮ್ಮ ಮನೆಯಲ್ಲಿ ತಾಳಮದ್ದಳೆಯ ಅರ್ಥ ಕೇಳುತ್ತಾ ಕೇಳುತ್ತಾ ಕೌರವ ಬಾಯಿ ತೆರೆಯುವಷ್ಟರಲ್ಲಿ ಗಡಸು ಗಂಟಲಲ್ಲಿ "ದಿ ಮ್ಯಾನ್, ದಿ ಮಷೀನ್, ಸ್ಟ್ರೀಟ್ ಹಾಕ್" ಅಂತ ಬರುತ್ತಿತ್ತು. ಅಪ್ಪ ಬೈದದ್ದು ಅಷ್ಟಿಷ್ಟಲ್ಲ.

@ರಾತ್ರಿಸವಾರ ನಿಮ್ಮ ನೈಟ್ ರೈಡರ್ ಟ್ಯೂನ್ ಒಳ್ಳೆಯದು, ಒಪ್ಪುತ್ತೇನೆ. ಪಂಜಾಬಿ ಹಾಡಿನವರೂ ಅದನ್ನು ತೆಗೆದುಕೊಂಡು ಲೋಕ ಇಡೀ ಕುಣಿಸಿದರು. ಆದರೆ ಅದು ಕುಣಿಯುವ ಟ್ಯೂನ್, ಇದು ಕೂತು ಕೇಳುವ ಟ್ಯೂನ್.

ರಾತ್ರಿಸವಾರ:

ಮ್ಯೂಸಿಕ್ ವಿಷಯದಲ್ಲಿ ಸೋತೆ, ಸರಿ. ಪೈಲಟ್ಟೂ ಚೆನ್ನಾಗಿದೆ, ಅದನ್ನೂ ಬಿಟ್ಟುಕೊಡ್ತೀನಿ. ನನ್ನ ತಕರಾರು ಆಮೇಲಿನದರ ಬಗ್ಗೆ. ಪೈಲಟ್‌ನಲ್ಲಿ ಕಾಲು ಮುರಿದವನ ಸಂಕಟ ಇತ್ತು, ಕೆಲಸ ಹೋದವನ ಅವಮಾನ ಇತ್ತು. ಮೈದಾನದಲ್ಲಿ ಇದ್ದೋನನ್ನು ಟೇಬಲ್ ಹಿಂದೆ ಕೂರಿಸಿ ಪತ್ರಿಕೆಯವರಿಗೆ ಹಲ್ಲು ಕಿರಿ ಅಂದರೆ ಹೇಗಿರುತ್ತೆ, ಅದನ್ನು ಚೆನ್ನಾಗಿ ತೋರಿಸಿದ್ದರು. ನಾಲ್ಕನೇದು ಐದನೇದಕ್ಕೆ ಬರುವಷ್ಟರಲ್ಲಿ ಆ ಟೇಬಲ್ ಕೆಲಸ ಬರೀ ತಮಾಷೆಗೆ ಇಟ್ಟುಕೊಂಡರು. ವಿಲನ್ ಬಂದ, ಬೈಕ್ ಬಂತು, ಹೈಪರ್‌ಥ್ರಸ್ಟ್, ಮುಗೀತು. ಡಲ್ಲಾಸ್ ಇರದಿದ್ದರೂ ಎರಡನೇ ಸೀಸನ್ ಬರ್ತಿತ್ತು ಅಂತ ನನಗೆ ಅನಿಸಲ್ಲ.

ಎರಡುಸ್ಟ್ರೋಕ್:

ಇದನ್ನು ನಾನೂ ಒಪ್ಪುತ್ತೀನಿ, ಮನಸ್ಸಿಲ್ಲದ ಮನಸ್ಸಿಂದ.

@ಕಪ್ಪುಹೆಲ್ಮೆಟ್ ಮಗನ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ. ಪೈಲಟ್‌ನಿಂದ ಶುರು ಮಾಡಬೇಡಿ. ಎರಡನೇದು ಹಾಕಿ. ಟೈಟಲ್ಲಿನಲ್ಲೇ ಇವನ್ಯಾರು, ಬೈಕ್ ಏನು ಅಂತ ಅರ್ಧ ನಿಮಿಷದಲ್ಲಿ ಹೇಳಿಬಿಡ್ತಾರೆ, ಅವನಿಗೆ ಅಷ್ಟು ಸಾಕು. ಬೈಕೂ ಬೇಗ ಬರುತ್ತೆ. ಆಮೇಲೆ "ಫೈರ್ ಆನ್ ದಿ ವಿಂಗ್" ಹಾಕಿ. ಇವನ ಕಾಲಿಗೆ ಏನಾಗಿತ್ತು ಅಂತ ಅವನಾಗಿ ಕೇಳಿದರೆ ಪೈಲಟ್ ತೋರಿಸಿ. ಕೇಳದಿದ್ದರೆ ಬಿಡಿ, ನಾವೂ ಕೇಳಿರಲಿಲ್ಲ.

ಮತ್ತೆ ಒಂದು ಮಾತು, ಗ್ರಾಫಿಕ್ಸ್ ಬಗ್ಗೆ ಅವನು ಏನಾದರೂ ಅಂದರೆ ವಾದಕ್ಕೆ ಇಳಿಯಬೇಡಿ. ಆ ಲೇಸರ್ ನೋಡಿ ನನ್ನ ಮಗಳು ಟಾರ್ಚ್ ಅಂದಳು.

ಕಪ್ಪುಹೆಲ್ಮೆಟ್:

ಹಾಗೇ ಮಾಡ್ತೀನಿ. ಭಾನುವಾರ ಕ್ಲೂನಿ ಎಪಿಸೋಡು.

ಪುತ್ತೂರು_ಕ್ಯಾಸೆಟ್:

ನಿಮ್ಮದು ನೋಡಿ ಮುಗಿದ ಮೇಲೆ ಆ ಡಿವಿಡಿ ಒಂದು ವಾರಕ್ಕೆ ಕೊಡುತ್ತೀರಾ? ಕೊರಿಯರ್ ಖರ್ಚು ನನ್ನದೇ. ಈ ಸಲ ಯಕ್ಷಗಾನದ ಮೇಲೆ ರೆಕಾರ್ಡ್ ಮಾಡುವುದಿಲ್ಲ.

ಮಲೆನಾಡ್_ಅಮ್ಮಿ:

ಅವರ ನಂತರ ನನಗೆ. ನಾನಿನ್ನೂ ಆ ಬೈಕನ್ನು ಸರಿಯಾಗಿ ನೋಡಿಯೇ ಇಲ್ಲ!